ಇಟಲಿಯ ‘ಲೇಯಿ’, ನಮ್ಮ ‘ಲೇ’

ನಮ್ಮಲ್ಲಿ ಒಬ್ಬರನ್ನು ‘ಲೇ’ ಎಂದು ಕರೆಯಬೇಕಾದರೆ ಒಂದೋ ಗಾಢ ಸ್ನೇಹವಿರಬೇಕು, ಇಲ್ಲವೇ ಜಗಳಕ್ಕೆ ತಯಾರಿರಬೇಕು. ಇಟಾಲಿಯನ್ ಭಾಷೆಯಲ್ಲಿ ‘ಲೇಯಿ’ ಎಂದರೆ ‘ತಾವು’. ಅದರ ಮೂಲಾರ್ಥ ‘ಅವಳು’ ಎಂದು. ಎದುರಿಗೆ ಮೀಸೆ ಹೊತ್ತ ಗಂಡಸು ಕುಳಿತಿದ್ದರೂ ಗೌರವ ಕೊಡಬೇಕಾದರೆ ‘ಅವಳು’ ಎಂದೇ ಮಾತಾಡಿಸಬೇಕು. ಸಲುಗೆಗೆ ಇರುವ ಪದ ‘ತು’. ಬೊಲೊನ್ಯಾ ನಗರದ ಮನೆಗಳಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತ ಏಳು ವರ್ಷ ಕಳೆದಿರುವ ನನಗೆ, ಒಂದು ಮನೆಯಲ್ಲಿ ನನ್ನ ಸ್ಥಾನ ಯಾವುದೆಂಬುದನ್ನು ಸಂಬಳಕ್ಕಿಂತ ಮೊದಲು ತಿಳಿಸಿಕೊಟ್ಟದ್ದು ಈ ಎರಡು ಪದಗಳೇ.

ಇಲ್ಲಿ ನಮ್ಮಂಥವರನ್ನು ‘ಬದಾಂತೆ’ ಎನ್ನುತ್ತಾರೆ, ಅಂದರೆ ನಿಗಾ ಇಡುವವರು, ಕಾಯುವವರು. ಈ ದೇಶದ ಪ್ರತಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ 65 ವರ್ಷ ದಾಟಿದೆ. ವೃದ್ಧಾಶ್ರಮಕ್ಕೆ ಕಳಿಸಲು ಮಕ್ಕಳಿಗೆ ಮನಸ್ಸಿಲ್ಲ, ಜೊತೆಯಲ್ಲಿರಲು ಬಿಡುವಿಲ್ಲ. ಹಾಗಾಗಿ ಉಕ್ರೇನ್, ಮೊಲ್ಡೊವಾ, ರೊಮೇನಿಯಾ, ಫಿಲಿಪ್ಪೀನ್ಸ್, ಪೆರು ಮುಂತಾದ ಕಡೆಗಳಿಂದ ಬಂದ ಹೆಂಗಸರು ಆ ಮನೆಗಳಲ್ಲೇ ವಾಸವಿದ್ದು ಕೆಲಸ ಮಾಡುತ್ತಾರೆ. ಮನೆಕೆಲಸದ ಎಲ್ಲ ಬಗೆಗಳನ್ನೂ ಸೇರಿಸಿದರೆ, 2023ರಲ್ಲಿ ಸರ್ಕಾರಿ ಪಿಂಚಣಿ ಸಂಸ್ಥೆಯ ದಾಖಲೆಯಲ್ಲಿದ್ದವರೇ ಎಂಟು ಲಕ್ಷಕ್ಕೂ ಹೆಚ್ಚು. ದಾಖಲೆಯಿಲ್ಲದೆ ದುಡಿಯುವವರು ಬಹುಮಟ್ಟಿಗೆ ಅಷ್ಟೇ ಇದ್ದಾರೆಂಬುದು ಇಲ್ಲಿ ಯಾರಿಗೂ ಗುಟ್ಟಲ್ಲ. ಮೊದಲ ಎರಡು ವರ್ಷ ನಾನೂ ಆ ಗುಂಪಿನಲ್ಲೇ ಇದ್ದೆ.

ಆ ಮೊದಲ ಮನೆಯವರು ಕೆಟ್ಟವರಾಗಿರಲಿಲ್ಲ. ಬಂದ ದಿನವೇ ಅಪ್ಪಿಕೊಂಡು, ಎರಡೂ ಕೆನ್ನೆಗೆ ಮುತ್ತಿಟ್ಟು, “ಸೇಯಿ ದಿ ಫಮೀಲ್ಯಾ”, ಅಂದರೆ “ನೀನು ನಮ್ಮ ಮನೆಯವಳು” ಎಂದರು. ಊರು ಬಿಟ್ಟು ಬಂದವಳಿಗೆ ಇದಕ್ಕಿಂತ ಇನ್ನೇನು ಬೇಕು, ನನ್ನ ಕಣ್ಣು ತುಂಬಿಬಂತು. ಅವರು ನನ್ನನ್ನು ‘ತು’ ಎಂದರು. ನಾನು ಅವರನ್ನು ‘ಲೇಯಿ’ ಎನ್ನಬೇಕೆಂದು ಯಾರೂ ಹೇಳಲಿಲ್ಲವಾದರೂ ಒಮ್ಮೆ ‘ತು’ ಎಂದಾಗ ಮೇಜಿನ ಸುತ್ತ ಬಿದ್ದ ಮೌನವೇ ಪಾಠ ಕಲಿಸಿತು. ಮನೆಯವಳಿಗೆ ಕರಾರುಪತ್ರ ಏಕೆ? ಮನೆಯವಳು ರಾತ್ರಿ ಎರಡು ಗಂಟೆಗೆ, ಮತ್ತೆ ನಾಲ್ಕು ಗಂಟೆಗೆ ಎದ್ದರೆ ಅದನ್ನು ದುಡಿಮೆ ಎಂದು ಯಾರು ಲೆಕ್ಕ ಇಡುತ್ತಾರೆ? ಆಗಸ್ಟ್ 15ರಂದು ಇಲ್ಲಿ ‘ಫೆರಾಗೊಸ್ತೊ’ ಎಂಬ ದೊಡ್ಡ ರಜೆ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಸಮುದ್ರತೀರಕ್ಕೆ ಹೊರಟುಬಿಡುತ್ತದೆ. ಆ ವರ್ಷ ಕುಟುಂಬವೆಲ್ಲ ರಿಮಿನಿಗೆ ಹೋಯಿತು. ಕುಟುಂಬದ ಇಬ್ಬರು ಮಾತ್ರ, ಎಂದರೆ ಹಾಸಿಗೆ ಹಿಡಿದ ಅಜ್ಜ ಮತ್ತು ನಾನು, ಕಿಟಕಿಯ ಪಡಿಗಳನ್ನೆಲ್ಲ ಮುಚ್ಚಿಕೊಂಡು ಹದಿನೈದು ದಿನ ಆ ಸೆಕೆಯಲ್ಲಿ ಉಳಿದೆವು. ಭಾರತದ ಸ್ವಾತಂತ್ರ್ಯೋತ್ಸವವನ್ನು ನಾನು ಹಾಗೆ ಆಚರಿಸಿದೆ.

ಎರಡನೆಯ ಮನೆ, ಈಗಲೂ ಇರುವ ಮನೆ, ತದ್ವಿರುದ್ಧ. ಬಾಗಿಲು ತೆರೆದ ಸಿನ್ಯೋರಾ (ನಮ್ಮಲ್ಲಿ ‘ಅಮ್ಮಾವರು’ ಎನ್ನುವಂತೆ) ನಿವೃತ್ತ ಶಾಲಾಶಿಕ್ಷಕಿ, ಆಗ 84 ವರ್ಷ. ಅಪ್ಪುಗೆಯಿಲ್ಲ, ಮುತ್ತಿಲ್ಲ. ಕೈಕುಲುಕಿ “ಲೇಯಿ” ಎಂದು ಮಾತು ಆರಂಭಿಸಿದರು, ಅವರ ಮಗಳು ಕರಾರುಪತ್ರವನ್ನು ಮೇಜಿನ ಮೇಲಿಟ್ಟಳು. ಮನೆಯಲ್ಲೇ ವಾಸವಿರುವ ಕೆಲಸಗಾರರಿಗೆ ರಾಷ್ಟ್ರೀಯ ಒಪ್ಪಂದದ ಪ್ರಕಾರ ವಾರಕ್ಕೆ 54 ಗಂಟೆ ಮಿತಿ, ದಿನಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲ, ಸತತ 11 ಗಂಟೆಗಳ ವಿರಾಮ, ಭಾನುವಾರ ಪೂರ್ತಿ ರಜೆ, ಇನ್ನೊಂದು ದಿನ ಅರ್ಧ ರಜೆ, ವರ್ಷಕ್ಕೆ 26 ದಿನಗಳ ಸಂಬಳ ಸಹಿತ ರಜೆ, ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳ. ಒಂದೊಂದು ಸಾಲನ್ನೂ ಸಿನ್ಯೋರಾ ಪಾಠ ಓದಿಸುವ ಹಾಗೆ ನನ್ನಿಂದ ಗಟ್ಟಿಯಾಗಿ ಓದಿಸಿದರು, ತಪ್ಪು ಉಚ್ಚಾರಗಳನ್ನು ತಿದ್ದಿದರು. ಎಂಥ ಒಣ ಹೆಂಗಸು ಎಂದುಕೊಂಡು ಆ ರಾತ್ರಿ ಹಳೆಯ ಮನೆಯನ್ನು ನೆನೆದು ಅತ್ತದ್ದೂ ನಿಜ.

ಮೊದಲ ವಾರವೇ ಬೈಗುಳವೂ ಸಿಕ್ಕಿತು. ಇಲ್ಲಿನ ಪ್ರತಿ ಅಡುಗೆಮನೆಯಲ್ಲೂ ಇರುವ ‘ಮೋಕಾ’ ಎಂಬ ಅಲ್ಯೂಮಿನಿಯಂ ಕಾಫಿಪಾತ್ರೆಯನ್ನು ನಾನು ಸೋಪು ಹಾಕಿ, ತೆಂಗಿನ ನಾರಿಲ್ಲದ ಕೊರಗಿನಲ್ಲೇ ಸ್ಟೀಲ್ ಜುಂಗಿನಿಂದ ಫಳಫಳ ಹೊಳೆಯುವಂತೆ ತಿಕ್ಕಿಟ್ಟಿದ್ದೆ. ಸಿನ್ಯೋರಾ ಅದರ ಮುಚ್ಚಳ ತೆರೆದು ಮೂಸಿ, ಮನೆಯಲ್ಲಿ ಸಾವಾದವರಂತೆ ಕುರ್ಚಿಯಲ್ಲಿ ಕುಸಿದರು. ಮೋಕಾವನ್ನು ಬರಿಯ ನೀರಿನಲ್ಲಿ ತೊಳೆಯಬೇಕು. ವರ್ಷಗಟ್ಟಲೆ ಅಂಟಿಕೊಂಡ ಕಾಫಿಯ ಜಿಡ್ಡೇ ಅದರ ರುಚಿಯೆಂದು ಅವರ ನಂಬಿಕೆ. ಕೆಳಪಾತ್ರೆಗೆ ಕವಾಟದ ಮಟ್ಟದವರೆಗೆ ಮಾತ್ರ ನೀರು, ಪುಡಿಯನ್ನು ಒತ್ತಬಾರದು, ಉರಿ ಸಣ್ಣದಿರಬೇಕು, ಗುಳಗುಳ ಸದ್ದು ಬಂದೊಡನೆ ಇಳಿಸಬೇಕು. ತಲೆ ಒದ್ದೆಯಿರುವಾಗ ಹೊರಗೆ ಕಾಲಿಟ್ಟರೂ ಅವರಿಗೆ ಅದೇ ಗಾಬರಿ. ತಣ್ಣನೆಯ ಗಾಳಿ ಕುತ್ತಿಗೆಗೆ ಬಡಿದರೆ ಸಕಲ ರೋಗವೂ ಬರುತ್ತದೆ ಎಂಬ ವಿಷಯದಲ್ಲಿ ಬೊಲೊನ್ಯಾಕ್ಕೂ ಕುಂದಾಪುರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. (ಶೌಚಾಲಯದಲ್ಲಿ ನೀರಿನ ಚಿಂತೆಯೂ ಇಲ್ಲ, 1975ರ ಸರ್ಕಾರಿ ಆದೇಶದ ಪ್ರಕಾರ ಮನೆಯ ಒಂದು ಬಚ್ಚಲಿನಲ್ಲಾದರೂ ‘ಬಿದೇ’, ಅಂದರೆ ಕುಳಿತು ನೀರಿನಲ್ಲಿ ತೊಳೆದುಕೊಳ್ಳುವ ತೊಟ್ಟಿ, ಇರಲೇಬೇಕು. ಯೂರೋಪಿಗೆ ಬರುವ ನಮ್ಮವರಿಗೆ ಇದು ಸಣ್ಣ ಸಮಾಚಾರವಲ್ಲ.)

ಸಂಜೆಯ ಊಟ ಏಳೂವರೆಗೆ. ತರಕಾರಿಯ ತಿಳಿಸಾರಿನಲ್ಲಿ ಪಾರ್ಮಿಜಾನೊ ಗಿಣ್ಣಿನ ಗಟ್ಟಿಸಿಪ್ಪೆಯೊಂದನ್ನು ಹಾಕಿ ಕುದಿಸಿ, ನಕ್ಷತ್ರದ ಆಕಾರದ ಪುಟಾಣಿ ಪಾಸ್ತಾವನ್ನು ಅದರಲ್ಲಿ ಬೇಯಿಸಿದರೆ ‘ಪಾಸ್ತೀನಾ’. ಜ್ವರ ಬಂದ ಮಗುವಿಗೂ ಹಲ್ಲು ಬಿದ್ದ ಮುದುಕರಿಗೂ ಅದೇ. ನಮ್ಮ ಗಂಜಿ ಎಂದರೆ ಸಾಕು. ಕುದಿದು ಮೆತ್ತಗಾದ ಸಿಪ್ಪೆಯನ್ನು ಸಿನ್ಯೋರಾ ಚಾಕುವಿನಿಂದ ಎರಡು ತುಂಡು ಮಾಡಿ ಒಂದನ್ನು ನನ್ನ ತಟ್ಟೆಗೆ ಹಾಕುತ್ತಾರೆ. ಐದು ವರ್ಷಗಳಲ್ಲಿ ಇದು ಒಂದು ದಿನವೂ ತಪ್ಪಿಲ್ಲ. ಐದು ವರ್ಷಗಳಲ್ಲಿ ಅವರು ನನ್ನನ್ನು ‘ತು’ ಎಂದೂ ಇಲ್ಲ.

ಗುರುವಾರ ಮಧ್ಯಾಹ್ನ ನನ್ನ ಅರ್ಧ ರಜೆ. ಎರಡು ಗಂಟೆ ದಾಟಿಯೂ ನಾನು ಪಾತ್ರೆ ಒರೆಸುತ್ತ ನಿಂತಿದ್ದರೆ ಅವರು ಕೋಲಿನಿಂದ ಗೋಡೆಗಡಿಯಾರವನ್ನು ತೋರಿಸುತ್ತಾರೆ. ಮೊಂತಾನ್ಯೋಲಾ ಉದ್ಯಾನದ ಬೆಂಚುಗಳಲ್ಲಿ ಸೇರುವ ಗೆಳತಿಯರಿಗೆ ಇದನ್ನು ಹೇಳಿದರೆ ಕೆಲವರು ನಂಬುವುದಿಲ್ಲ. ಅವರಲ್ಲಿ ಹೆಚ್ಚಿನವರು ಇನ್ನೂ ‘ಮನೆಯವರು’.

ಕರಾರಿನ ಸಂಬಂಧದಲ್ಲಿ ಪ್ರೀತಿ ಎಲ್ಲಿರುತ್ತದೆ ಎಂದು ಊರಿನವರು ಕೇಳುತ್ತಾರೆ. ನನ್ನ ಅನುಭವ ಬೇರೆಯೇ ಹೇಳುತ್ತದೆ. ಎಷ್ಟು ಹೊತ್ತು ನನ್ನದು, ಎಷ್ಟು ಹೊತ್ತು ಅವರದು ಎಂಬ ಗೆರೆ ಸ್ಪಷ್ಟವಾಗಿದ್ದುದರಿಂದಲೇ, ಕಳೆದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆದಾಗ ಭಾನುವಾರವೂ ಹೊರಗೆ ಹೋಗದೆ ಕೂರಲು ನನಗೆ ಮನಸ್ಸಾಯಿತು. ಗೆರೆಯಿಲ್ಲದ ಮನೆಯಲ್ಲಿ ಕೊಡುವುದಕ್ಕೆ ನನ್ನದೆನ್ನುವ ಭಾನುವಾರವೇ ಇರಲಿಲ್ಲ. ಹಾಗೆಂದು ಇಲ್ಲಿನ ಕುಟುಂಬಗಳನ್ನಷ್ಟೇ ದೂರುವುದೂ ನ್ಯಾಯವಲ್ಲ. ಪೂರ್ತಿ ಪರಾವಲಂಬಿಯಾದ ವೃದ್ಧರಿಗೆ ಸರ್ಕಾರ ಕೊಡುವ ಭತ್ಯೆ ತಿಂಗಳಿಗೆ 500 ಯೂರೋಗಳಿಗಿಂತ ತುಸು ಹೆಚ್ಚು. ಬದಾಂತೆಯ ಸಂಬಳವೇ ಸಾವಿರ ದಾಟುತ್ತದೆ, ಅದರ ಮೇಲೆ ವಿಮೆ-ಪಿಂಚಣಿಯ ಕಂತು. ಸಾಧಾರಣ ಪಿಂಚಣಿಯ ಮನೆಯೊಂದು ದಾಖಲೆ ತಪ್ಪಿಸುವುದು ಯಾವಾಗಲೂ ದುರಾಸೆಯಿಂದಲ್ಲ.

ಇದನ್ನೆಲ್ಲ ಬರೆಯುವಾಗ ಕುಂದಾಪುರದ ನಮ್ಮ ಮನೆ ನೆನಪಾಗದೆ ಇರುವುದಿಲ್ಲ. ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಬಂದಿದ್ದ ಅಕ್ಕ ಮೂವತ್ತು ವರ್ಷ ನಮ್ಮ ಮನೆಯಲ್ಲಿದ್ದಳು. ನನ್ನನ್ನು ಎತ್ತಿ ಆಡಿಸಿದ್ದು, ಅಜ್ಜಿಯ ಕೊನೆಗಾಲದಲ್ಲಿ ಮಲಮೂತ್ರ ತೆಗೆದದ್ದು ಅವಳೇ. ಊಟ ಮಾತ್ರ ಹಿಂಬದಿಯ ಜಗಲಿಯಲ್ಲಿ. ಮನೆಕೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿ ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿದ್ದು ನಮ್ಮ ಮನೆಗೆ ಗೊತ್ತಾಗಲೇ ಇಲ್ಲ. ಮನೆಕೆಲಸಗಾರರ ಹಕ್ಕುಗಳ ಕುರಿತ 2011ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಇಟಲಿ 2013ರಲ್ಲಿ ಒಪ್ಪಿಗೆಯ ಮುದ್ರೆ ಒತ್ತಿತು, ಭಾರತ ಇನ್ನೂ ಒತ್ತಿಲ್ಲ. ಆ ಅಕ್ಕನಿಗೆ ವಾರದ ರಜೆ ಯಾವತ್ತಿತ್ತು ಎಂದು ಅಮ್ಮನನ್ನು ಫೋನಿನಲ್ಲಿ ಕೇಳಿದೆ. “ಅವ್ಳಿಗೆಂತಕ್ ರಜೆ? ಅವ್ಳ್ ಮನಿಯವ್ಳೇ ಅಲ್ದಾ?” ಎಂದರು ಅಮ್ಮ.

ಕಳೆದ ಡಿಸೆಂಬರಿನಲ್ಲಿ ಹದಿಮೂರನೆಯ ಸಂಬಳ ಬಂದ ದಿನ ಅಕ್ಕನ ಮಗನ ನಂಬರು ಹುಡುಕಿ ಫೋನು ಮಾಡಿದೆ. ಹುಟ್ಟಿದಾಗಿನಿಂದ ‘ನೀನು’ ಎಂದೇ ಕರೆದವಳನ್ನು ಅಂದು ಮೊದಲ ಸಲ “ಅಕ್ಕಾ, ನೀವು ಹೇಗಿದ್ದೀರಿ?” ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರು ಕೇಳಿದರು, “ಯಾರ್ ಮಾತಾಡುದು?”