ನಾಲ್ಕರಲ್ಲಿ ಮಾತ್ರ ಬೀಸುವ ಗಾಳಿ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅರ್ಧ ನೀಲಿ, ಅರ್ಧ ಕೆಂಪು ಗೆರೆಯಿರುವ ಒಂದು ತಿರುಗಣೆಯಿದೆ. ಬಯಲುಸೀಮೆಯಲ್ಲಿ ಕಾರು ಓಡಿಸುವವರಿಗೆ ಅದರ ಕೆಂಪು ಭಾಗದಿಂದ ಯಾವ ಉಪಕಾರವೂ ಇಲ್ಲ. ರಾಯಚೂರಿನಲ್ಲಿರುವ ನಮ್ಮ ಭಾವನವರಿಗೆ ತಮ್ಮ ಕಾರಿನಲ್ಲಿ ಹೀಟರ್ ಇದೆಯೆಂದು ಗೊತ್ತಾದದ್ದೇ, ಮೇ ತಿಂಗಳ ಒಂದು ಮಧ್ಯಾಹ್ನ ಮೊಮ್ಮಗ ಅದನ್ನು ಕೆಂಪಿನ ತುದಿಗೆ ತಿರುಗಿಸಿಟ್ಟಾಗ. ಮಡಿಕೇರಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಪಾಡು ಬೇರೆ. ಕಕ್ಕಡ ಮಾಸದ ಮಳೆಯಲ್ಲಿ ನಾಲ್ವರು ಒದ್ದೆ ಕೊಡೆಗಳ ಸಮೇತ ಒಳಗೆ ಕುಳಿತು ಬಾಗಿಲು ಹಾಕಿಕೊಂಡರೆ, ಗೇಟು ದಾಟುವುದರೊಳಗೆ ಮುಂದಿನ ಗಾಜಿಗೆ ಸುಣ್ಣ ಬಳಿದಂತಾಗುತ್ತದೆ. ಚಳಿಗಿಂತ ಹೆಚ್ಚಾಗಿ, ದಾರಿ ಕಾಣಿಸಲೆಂದೇ ನಮಗೆ ಹೀಟರ್ ಬೇಕು.

ಕಳೆದ ಜುಲೈಯಲ್ಲಿ ಸುಳ್ಯದಿಂದ ಹಿಂದಿರುಗುವಾಗ, ಸಂಪಾಜೆ ಘಟ್ಟದ ನಡುವೆ ನಮ್ಮ 2005ರ ಮಾದರಿಯ ಕಾರಿನ ಗಾಳಿ ನಿಂತುಹೋಯಿತು. ಬ್ಲೋವರಿನ ಗುಂಡಿಯನ್ನು 1ಕ್ಕೆ ತಿರುಗಿಸಿದರೆ ಮೌನ, 2ಕ್ಕೆ ಮೌನ, 3ಕ್ಕೂ ಮೌನ. 4ಕ್ಕೆ ತಿರುಗಿಸಿದೊಡನೆ ಮಾತ್ರ ಅಕ್ಕಿ ಗಿರಣಿ ಶುರುವಾದಂತೆ ಭೋರೆಂದು ಬೀಸಿತು. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಅದನ್ನು ಆರಿಸಿದರೆ ದಾರಿ ಕಾಣದೆ, ಹೆಂಡತಿ ಬೈರಾಸಿನಿಂದ ಗಾಜು ಒರೆಸುತ್ತಾ, ನಾನು ಅವಳು ಒರೆಸಿಕೊಟ್ಟ ಅಂಗೈಯಗಲದ ಕಿಂಡಿಯಲ್ಲಿ ಇಣುಕುತ್ತಾ ಹೇಗೋ ಊರು ಸೇರಿದೆವು.

ಮರುದಿನದಿಂದ ಸಲಹೆಗಳ ಸುರಿಮಳೆ. ಫ್ಯೂಸ್ ಹೋಗಿದೆಯೆಂದವರೇ ಹೆಚ್ಚು. ನಮ್ಮಲ್ಲಿ ಕರೆಂಟಿಗೆ ಸಂಬಂಧಿಸಿದ ಯಾವ ವಸ್ತು ಕೆಟ್ಟರೂ ಮೊದಲ ಅಪವಾದ ಬರುವುದು ಫ್ಯೂಸಿನ ಮೇಲೆಯೇ. ಒಂದು ಗ್ಯಾರೇಜಿನಲ್ಲಿ, ಬಾನೆಟ್ಟನ್ನೂ ಎತ್ತದೆ, ಮೋಟಾರನ್ನೇ ಬದಲಿಸಬೇಕೆಂದು ಹೇಳಿ ಹಲವು ಸಾವಿರದ ಲೆಕ್ಕ ಬರೆದುಕೊಟ್ಟರು. ಕೊನೆಗೆ ಬ್ಯಾಟರಿ ಅಂಗಡಿಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು, ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಡದೆಯೇ, "ನಾಲ್ಕರಲ್ಲಿ ತಿರುಗ್ತದಾ ಸಾರ್?" ಎಂದು ಕೇಳಿದರು. ತಿರುಗುತ್ತದೆಯೆಂದೆ. "ಹಾಗಾದ್ರೆ ಫ್ಯೂಸೂ ಸರಿ ಇದೆ, ಮೋಟಾರೂ ಸರಿ ಇದೆ. ರೆಸಿಸ್ಟರ್ ನೋಡಿ" ಎಂದು ಚಹಾ ಮುಂದುವರಿಸಿದರು.

ಆ ಒಂದು ಪ್ರಶ್ನೆಯಲ್ಲಿ ಇಡೀ ತರ್ಕವೇ ಅಡಗಿತ್ತು. ಹಳೆಯ ಕಾರುಗಳ ಬ್ಲೋವರಿನ ಮೋಟಾರಿಗೆ ಗೊತ್ತಿರುವುದು 12 ವೋಲ್ಟಿನ ಒಂದೇ ಓಟ. ಅದನ್ನು ನಿಧಾನಗೊಳಿಸಬೇಕಾದರೆ ಕರೆಂಟಿನ ದಾರಿಯಲ್ಲಿ ತಂತಿಯ ಸುರುಳಿಗಳನ್ನು ಅಡ್ಡ ಇಡಬೇಕು; ಆ ಸುರುಳಿಗಳ ಜೋಡಣೆಯೇ ರೆಸಿಸ್ಟರ್. 1ರಲ್ಲಿ ಕರೆಂಟು ಎಲ್ಲ ಸುರುಳಿಗಳನ್ನೂ ಹಾದು ಬಳಲಿ ಬರುತ್ತದೆ, 2ರಲ್ಲಿ ಒಂದು ಸುರುಳಿ ಕಡಿಮೆ, 3ರಲ್ಲಿ ಇನ್ನೂ ಒಂದು ಕಡಿಮೆ; 4ರಲ್ಲಿ ಯಾವ ಅಡ್ಡಿಯೂ ಇಲ್ಲದೆ ನೇರವಾಗಿ ಮೋಟಾರಿಗೆ ನುಗ್ಗುತ್ತದೆ. ಆದ್ದರಿಂದ ಸುರುಳಿಗಳ ಸಾಲಿನಲ್ಲಿರುವ, ಶಾಖ ಮಿತಿಮೀರಿದರೆ ತಾನೇ ಕಡಿದುಕೊಳ್ಳುವ ಪುಟ್ಟ ರಕ್ಷಕ ತುಂಡು ಹೋದರೆ, ಕೆಳಗಿನ ಮೂರು ವೇಗಗಳು ಒಟ್ಟಿಗೇ ಸಾಯುತ್ತವೆ, ನಾಲ್ಕನೆಯದು ಮಾತ್ರ ಬದುಕಿರುತ್ತದೆ. ನಾಲ್ಕೂ ಸತ್ತಿದ್ದರೆ ಫ್ಯೂಸು, ರಿಲೇ, ಸ್ವಿಚ್ಚುಗಳನ್ನು ಅನುಮಾನಿಸಬಹುದಿತ್ತು. ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿ ಮತ್ತೆ ನಿಂತಿದ್ದರೆ ಅದರ ಕಾರ್ಬನ್ ಬ್ರಷ್ ಸವೆದಿದೆಯೆನ್ನಬಹುದಿತ್ತು.

ಭಾನುವಾರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಎಡಗಡೆಯ ಸೀಟಿನ ಮೇಲೆ ಕಾಲುಗಳನ್ನೂ, ಕಾಲಿಡುವ ಜಾಗದಲ್ಲಿ ತಲೆಯನ್ನೂ ಇಟ್ಟುಕೊಂಡು ಮಲಗಿದೆ. ಕಾರುಗಳ ವಿನ್ಯಾಸಕಾರರು ಗಾಳಿಯ ಯಂತ್ರವನ್ನು ಮೊದಲು ಇರಿಸಿ, ಉಳಿದ ಕಾರನ್ನು ಅದರ ಸುತ್ತ ಕಟ್ಟುತ್ತಾರೆಂದು ಆ ಭಂಗಿಯಲ್ಲಿ ಖಚಿತವಾಯಿತು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ನನ್ನ ಪಾದಗಳನ್ನು ಉದ್ದೇಶಿಸಿ ಆರೋಗ್ಯ ವಿಚಾರಿಸಿದರು. ಗ್ಲೋವ್ ಬಾಕ್ಸನ್ನು ಕಳಚಿದ ಮೇಲೆ, ಗಾಳಿಯ ಕೊಳವೆಯ ಪಕ್ಕದಲ್ಲಿ ಎರಡು ಸ್ಕ್ರೂಗಳಿಂದ ಕೂರಿಸಿದ್ದ ರೆಸಿಸ್ಟರ್ ಕೈಗೆ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಇಟ್ಟು ನೋಡಿದರೆ, ಒಂದೆರಡು ಓಮ್ ತೋರಿಸಬೇಕಾದಲ್ಲಿ ಸಂಪರ್ಕವೇ ಇರಲಿಲ್ಲ. ಹೊಸದಕ್ಕೆ 350 ರೂಪಾಯಿ.

ಆದರೆ ಅದನ್ನು ಕೊಡುವಾಗ ಎಲೆಕ್ಟ್ರಿಷಿಯನ್ ಇನ್ನೊಂದು ಮಾತು ಹೇಳಿದ್ದರು: "ಯಾಕೆ ಸುಟ್ಟಿತು ಅಂತ ನೋಡದೆ ಹಾಕ್ಬೇಡಿ ಸಾರ್." ಅದು ಸುಮ್ಮನೆ ಸುಡುವ ವಸ್ತುವಲ್ಲ. ಸುರುಳಿಗಳು ಕಾಯುವುದು ಸಹಜವಾದ್ದರಿಂದ ಅವನ್ನು ಬೇಕೆಂದೇ ಗಾಳಿಯ ಹಾದಿಯೊಳಗೆ ಇಟ್ಟಿರುತ್ತಾರೆ. ತಾನು ಯಾವ ಫ್ಯಾನನ್ನು ತಡೆಹಿಡಿಯುತ್ತದೆಯೋ ಅದರ ಗಾಳಿಯಿಂದಲೇ ರೆಸಿಸ್ಟರ್ ತಂಪಾಗಿರುತ್ತದೆ. ಸೊಸೆಯನ್ನು ಗದರಿಸುತ್ತಲೇ ಅವಳ ಅಡುಗೆಯಿಂದ ಬದುಕುವ ಅತ್ತೆಯ ಹಾಗೆ. ಮೂರು ಸ್ಕ್ರೂ ಬಿಚ್ಚಿ ಮೋಟಾರನ್ನು ಕೆಳಗಿಳಿಸಿದಾಗ, ಅದರ ಬುಟ್ಟಿಯಂಥ ಚಕ್ರದೊಳಗಿಂದ ಒಂದು ಸೇರಿನಷ್ಟು ಸಿಲ್ವರ್ ಓಕ್ ಎಲೆಗಳು ನನ್ನ ಮುಖದ ಮೇಲೆ ಸುರಿದವು. ನಾವು ಕಾರು ನಿಲ್ಲಿಸುವುದು ಆ ಮರದ ಕೆಳಗೆ. ಹೊರಗಿನ ಗಾಳಿ ಒಳಬರುವ ಜಾಲರಿ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಎಲೆಗಳು ಉಜ್ಜಿ ಚಕ್ರ ಬಿಗಿಯಾದಂತೆ ಮೋಟಾರು ಹೆಚ್ಚು ಕರೆಂಟು ಎಳೆದಿದೆ, ಗಾಳಿ ಕಡಿಮೆಯಾಗಿದೆ. ಹೀಗೆ ಹೆಚ್ಚು ಕಾದು ಕಡಿಮೆ ತಣಿದ ರೆಸಿಸ್ಟರ್ ಒಂದು ದಿನ ಕೈಚೆಲ್ಲಿದೆ.

ಎಲ್ಲವನ್ನೂ ಒರೆಸಿ ಮತ್ತೆ ಜೋಡಿಸಿ 1ಕ್ಕೆ ತಿರುಗಿಸಿದಾಗ, ಬೀಸಣಿಗೆ ಬೀಸಿದಷ್ಟು ಮೃದುವಾಗಿ ಗಾಳಿ ಬಂತು. ಎಂಜಿನ್ ಬಿಸಿಯಾದ ಮೇಲೆ ಕೆಂಪಿನ ಕಡೆಗೆ ತಿರುಗಿಸಿ, ಜೊತೆಗೆ ಏಸಿಯನ್ನೂ ಹಾಕಿದೆ. ಒಲೆಯನ್ನೂ ಫ್ರಿಜ್ಜನ್ನೂ ಒಟ್ಟಿಗೆ ತೆರೆದಿಡುವವರುಂಟೇ ಎಂದು ಹೆಂಡತಿ ಕೇಳಿದಳು. ಏಸಿಯ ತಣ್ಣನೆಯ ಕೊಳವೆಗಳು ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತವೆ, ಸುಮಾರು 90 ಡಿಗ್ರಿ ಬಿಸಿಯಾದ ಎಂಜಿನ್ ನೀರು ಹರಿಯುವ ಸಣ್ಣ ರೇಡಿಯೇಟರ್ ಆ ಒಣಗಾಳಿಯನ್ನು ಬೆಚ್ಚಗಾಗಿಸುತ್ತದೆ, ಆಮೇಲೆ ಗಾಜಿನ ಮೇಲೆ ಹನಿ ನಿಲ್ಲುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ಗಾಜೇ ತಿಳಿಯಾಗಿ ನನ್ನ ಪರವಾಗಿ ಉತ್ತರಿಸಿತು.

ಕಾರು ನಿಲ್ಲಿಸಲು ಬೇರೆ ಜಾಗವಿಲ್ಲದ್ದರಿಂದ, ಈಗ ರಾತ್ರಿ ಆ ಜಾಲರಿಯ ಮೇಲೆ ಕಾಫಿಯ ಗೋಣಿಚೀಲವೊಂದನ್ನು ಹೊದಿಸಿಡುತ್ತೇನೆ. ಬೆಳಿಗ್ಗೆ ತೆಗೆಯಲು ಮರೆತು, ಅದರೊಡನೆಯೇ ಎರಡು ಸಲ ಪೇಟೆಯವರೆಗೂ ಹೋಗಿ ಬಂದಿದ್ದೇನೆ.