ಬರೆಯುವುದು ಆಮೇಲೆ, ಮೊದಲು ಕಿರುರಂಗಮಂದಿರ ಹಿಡಿಯಿರಿ

ಮೈಸೂರಿನ ಹೊಸ ಲೇಖಕರು ಮಾಡುವ ದೊಡ್ಡ ತಪ್ಪು ಬರೆಯಲು ಕೂರುವುದು. ಕಥೆ, ಕವಿತೆ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವುದು ಕಲಾಮಂದಿರದ ಆವರಣದ ಕಿರುರಂಗಮಂದಿರ. ಅಲ್ಲಿ ಪುಸ್ತಕ ಬಿಡುಗಡೆಗೆ ಭಾನುವಾರ ಬೆಳಿಗ್ಗೆ ಹತ್ತೂವರೆ ಸಿಕ್ಕಿತೋ, ಅರ್ಧ ಪುಸ್ತಕ ಮುಗಿಯಿತು. ಉಳಿದರ್ಧ ಆಹ್ವಾನ ಪತ್ರಿಕೆ.

ಆಹ್ವಾನ ಪತ್ರಿಕೆ ಎಂದರೆ ಉಡಾಫೆ ಬೇಡ. ಊರಿನವರು ಕಣ್ಣಲ್ಲಿ ಕಣ್ಣಿಟ್ಟು ಓದುವ ನಿಮ್ಮ ಏಕೈಕ ಕೃತಿ ಅದು. ಮೇಲೆ ದಿವ್ಯ ಸಾನ್ನಿಧ್ಯ, ಕೆಳಗೆ ಘನ ಉಪಸ್ಥಿತಿ, ಆಮೇಲೆ ಉದ್ಘಾಟನೆ, ಕೃತಿ ಬಿಡುಗಡೆ, ಕೃತಿ ಕುರಿತು, ಅಧ್ಯಕ್ಷತೆ, ಮುಖ್ಯ ಅತಿಥಿಗಳು. ಹೆಸರು ಬಿಟ್ಟರೆ ಮುನಿಸಿಕೊಳ್ಳುವವರನ್ನೆಲ್ಲ ವಿಶೇಷ ಆಹ್ವಾನಿತರ ಸಾಲಿಗೆ ಹಾಕಿ. ಯಾರ ಅಕ್ಷರ ಯಾರಿಗಿಂತ ದಪ್ಪ ಎಂಬುದನ್ನು ಅಳೆದು ನೋಡುವವರಿದ್ದಾರೆ, ಆ ಮಟ್ಟದ ಸೂಕ್ಷ್ಮ ವಿಮರ್ಶೆ ನಿಮ್ಮ ಕವಿತೆಗೆ ಈ ಜನ್ಮದಲ್ಲಿ ಸಿಗದು. ವೇದಿಕೆಯ ಮೇಲೆ ಹನ್ನೆರಡು ಜನರಿದ್ದರೆ ಕೆಳಗಿನ ಚಿಂತೆಯೂ ತಪ್ಪುತ್ತದೆ: ಅವರವರ ಮನೆಯವರು, ಡ್ರೈವರುಗಳೇ ಎರಡು ಸಾಲು ತುಂಬುತ್ತಾರೆ. ಲೇಖಕರ ಹೆಸರಿಗೆ ಜಾಗ ಉಳಿದರೆ ‘ಸರ್ವರಿಗೂ ಸುಸ್ವಾಗತ’ದ ಮೇಲೆ ಸಣ್ಣದಾಗಿ ಇರಲಿ.

ಮುನ್ನುಡಿಗೆ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಿ. ವಾಕಿಂಗ್ ಬರುವ ನಿವೃತ್ತ ಪ್ರಾಧ್ಯಾಪಕರು ಅಲ್ಲಿ ಧಾರಾಳ. ಮುನ್ನುಡಿಯನ್ನು ನೀವೇ ಬರೆದು ಒಯ್ದರೆ ಸಹಿ ಮಾತ್ರ ಅವರದು. ಒಂದಕ್ಕೇ ನಿಲ್ಲಬೇಡಿ. ಬೆನ್ನುಡಿ, ಶುಭನುಡಿ, ಆಶಯನುಡಿ, ಪ್ರಕಾಶಕರ ಮಾತು, ಕುಟುಂಬದ ಫೋಟೋ, ಎಲ್ಲ ಸೇರಿಸಿ. ಇದು ಡೌಲಿಗಲ್ಲ, ಲೆಕ್ಕಾಚಾರ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟಕ್ಕೆ ಇಷ್ಟು ಪೈಸೆ ಎಂದು. ನಾಲ್ಕು ಸಾಲಿನ ಚುಟುಕಕ್ಕೂ ಒಂದಿಡೀ ಪುಟ ಯಾಕೆ ಬಿಟ್ಟುಕೊಡುತ್ತಾರೆ ಅಂದುಕೊಂಡಿರಿ? ಖಾಲಿ ಜಾಗಕ್ಕೂ ಅದೇ ರೇಟು. ನಾವು ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ತೆರುತ್ತೇವಲ್ಲ, ಅದರಲ್ಲಿ ಒಂದಿಷ್ಟು ಹೀಗೆ ಬಿಳಿ ಹಾಳೆಗೂ ಸಲ್ಲುತ್ತದೆ. ಬಿಲ್ಲು ಪಾಸಾಗುವ ಹೊತ್ತಿಗೆ ನೀವೂ ನಿವೃತ್ತರಾಗಿ ಕೆರೆ ಏರಿ ಮೇಲೆ ಇನ್ನೊಬ್ಬರ ಮುನ್ನುಡಿಗೆ ಸಹಿ ಹಾಕುತ್ತಿರುತ್ತೀರಿ.

ಸಮಾರಂಭದ ದಿನ ‘ಕೃತಿ ಕುರಿತು’ ಮಾತಾಡುವವರು ಮೊದಲಿಗೇ, ‘ಪುಸ್ತಕ ನಿನ್ನೆ ರಾತ್ರಿ ಕೈಸೇರಿತು, ಕಣ್ಣಾಡಿಸಿದ್ದೇನೆ’ ಎಂದು ಮುಕ್ಕಾಲು ಗಂಟೆ ಹಿಡಿಯುತ್ತಾರೆ. ಗಾಬರಿಯಾಗಬೇಡಿ. ಪೂರ್ತಿ ಓದಿದವರಾಗಿದ್ದರೆ ಎರಡೇ ನಿಮಿಷಕ್ಕೆ ಕೂತುಬಿಡುತ್ತಿದ್ದರು. ಪಂಪ, ಬಸವಣ್ಣ, ಕುವೆಂಪು ಮೂವರನ್ನೂ ಮುಟ್ಟಿ ನಿಮ್ಮ ಹತ್ತಿರ ಬರುವಷ್ಟರಲ್ಲಿ ನಿರೂಪಕರ ಚೀಟಿ ಹೋಗಿರುತ್ತದೆ, ಉಪ್ಪಿಟ್ಟು ಕೇಸರಿಬಾತು ಬಂದಿರುತ್ತದೆ.

ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರಂತೆ. ಪಾಪ, ಪ್ರಚಾರದ ಗುಟ್ಟು ತಿಳಿಯದ ಕಾಲ. ಲೇಖಕನ ತಲೆ ಇರುವುದು ಮೈಸೂರು ಪೇಟಕ್ಕೆ, ಪುಸ್ತಕಕ್ಕಲ್ಲ. ಪೇಟದ ಖರ್ಚೂ ನಿಮ್ಮದೇ, ಶಾಲು ಹಾರವೂ ನಿಮ್ಮದೇ. ಅಭಿಮಾನಿ ಬಳಗದವರು ಹೊದಿಸುತ್ತಾರೆ, ಅಷ್ಟೆ.

ಜನ ಯಾವುದಕ್ಕೆ ಪಟ್ಟು ಹಿಡಿಯುತ್ತಾರೆಂದು ತಿಳಿಯಬೇಕೆ? ಮಂಡ್ಯ ನೋಡಿ. 2024ರ ಡಿಸೆಂಬರ್ 20ರಿಂದ ಮೂರು ದಿನ ಅಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಸಮ್ಮೇಳನಕ್ಕೆ ಮುಂಚೆ ಊರೆಲ್ಲ ವಾದಕ್ಕಿಳಿದದ್ದು ಯಾವ ಕಾದಂಬರಿಯ ಮೇಲೂ ಅಲ್ಲ, ಊಟಕ್ಕೆ ಬಾಡು ಇರಬೇಕೋ ಬೇಡವೋ ಎಂಬುದರ ಮೇಲೆ. ಬೇಡಿಕೆಯಲ್ಲಿ ನ್ಯಾಯವಿತ್ತು ಬಿಡಿ, ಮಂಡ್ಯದವರು ನೆಂಟರನ್ನು ಕರೆದು ಬರೀ ಪಲ್ಯ ಬಡಿಸಿದ್ದುಂಟೇ? ಆದರೆ ಪುಸ್ತಕ ಸಿಗಲಿಲ್ಲವೆಂದು ಯಾರಾದರೂ ಹಾಗೆ ಬೀದಿಗಿಳಿದಿದ್ದನ್ನು ಕಂಡಿದ್ದೀರಾ? ನಿಮ್ಮ ಸಂಕಲನಕ್ಕೆ ‘ಮುದ್ದೆ, ನಾಟಿಕೋಳಿ’ ಎಂದೇ ಹೆಸರಿಡಿ. ಒಳಗೆ ಭಾವಗೀತೆಗಳೇ ಇರಲಿ, ತೆರೆದು ನೋಡುವವರಾರು?

ಸಮಾರಂಭ ಮುಗಿದ ಮೇಲೆ ಯಾರಾದರೂ ಬಂದು ‘ಪುಸ್ತಕ ಎಲ್ಲಿ ಸಿಗುತ್ತೆ ಸಾರ್, ಎಷ್ಟು?’ ಎಂದರೆ ಹುಷಾರು. ಜೇಬಿಗೆ ಕೈ ಹಾಕುವವರು ನಮ್ಮ ಪೈಕಿಯಲ್ಲ. ಅಂಥವರು ಮನೆಗೆ ಒಯ್ದು ಓದುತ್ತಾರೆ, ಎಪ್ಪತ್ತೆರಡನೇ ಪುಟದಲ್ಲಿ ನಾಯಕಿಯ ಹೆಸರು ಬದಲಾಗಿದೆ ಎಂದು ಫೋನ್ ಮಾಡುತ್ತಾರೆ. ಮಿಕ್ಕವರಿಗೆಲ್ಲ ‘ವಿಶ್ವಾಸಪೂರ್ವಕ’ ಎಂದು ಸಹಿ ಹಾಕಿದ ಗೌರವ ಪ್ರತಿ ಕೊಡಿ.

ಐನೂರರಲ್ಲಿ ನಾನೂರು ಉಳಿದು ಮಂಚದ ಕೆಳಗೆ ಸೇರಿದವೇ? ಅದಕ್ಕೂ ದಾರಿ ಇದೆ. ರಕ್ಷಾಪುಟ ಬದಲಿಸಿ, ‘ಎರಡನೇ ಮುದ್ರಣ’ ಎಂದು ಅಚ್ಚು ಹಾಕಿಸಿ. ಎರಡನೇ ಮುದ್ರಣಕ್ಕೂ ಬಿಡುಗಡೆ ಮಾಡಬಹುದು, ಹಳೇ ಆಹ್ವಾನ ಪತ್ರಿಕೆಯಲ್ಲಿ ದಿನಾಂಕ ತಿದ್ದಿದರೆ ಸಾಕು. ಅಧ್ಯಕ್ಷರನ್ನು ಮಾತ್ರ ಈಗಲೇ ಕೇಳಿಡಿ, ಅವರಿಗೆ ಅದೇ ಭಾನುವಾರ ಇನ್ನೆರಡು ಬಿಡುಗಡೆ ಇವೆಯಂತೆ.