ನೋಡುತ್ತಾರೆ, ಬರೆಯುವುದಿಲ್ಲ

ಈ ಸಲ ಪಂಚಮಿಗೆ ಬ್ಯಾಡಗಿಗೆ ಹೋದಾಗ ಸೋದರಮಾವ ಉಂಡಿಯ ತಾಟಿನ ಜೊತೆಗೇ ಒಂದು ಪ್ಲಾಸ್ಟಿಕ್ ಚೀಲವನ್ನೂ ನನ್ನ ಮುಂದೆ ಸರಿಸಿದರು. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗಾಗಿ ಹಾವೇರಿಗೆ ತಪಾಸಣೆಗೆ ಹೋಗಿದ್ದ ಅವರನ್ನು, "ಕಣ್ಣು ಛಲೋ ಅದಾವಲ್ಲರೀ ಅಜ್ಜಾರ, 6/12 ಅಂತ ಬರದಾರ" ಎಂದು ಹೇಳಿ ಬಂದ ದಾರಿಗೇ ಕಳಿಸಿದ್ದರಂತೆ. 6/12 ಎಂದರೆ, ಒಳ್ಳೆಯ ಕಣ್ಣು ಹನ್ನೆರಡು ಮೀಟರಿನಿಂದ ಓದುವ ಅಕ್ಷರವನ್ನು ಇವರು ಆರು ಮೀಟರಿನಿಂದ ಓದಬಲ್ಲರು ಎಂದು. ಚೀಲದಲ್ಲಿ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರ ಹಲವು ವರ್ಷಗಳ ಚೀಟಿಗಳಿದ್ದವು. ಎಲ್ಲದರಲ್ಲೂ ಬರೆದದ್ದು ಇಷ್ಟೇ: ಗ್ಲಾಕೋಮಾ ಎಂಬ ಕಣ್ಣಿನ ನರದ ರೋಗದ ಹೆಸರು, 6/12, ಹನಿ ಔಷಧದ ಹೆಸರು, ಮತ್ತೆ ಬರಬೇಕಾದ ತಾರೀಖು. ಚೀಲದ ತಳದಲ್ಲಿ ದೃಷ್ಟಿಕ್ಷೇತ್ರ ಪರೀಕ್ಷೆಯ, ಅಂದರೆ ನೇರ ನೋಡುವಾಗ ಸುತ್ತ ಎಷ್ಟು ಅಗಲ ಕಾಣುತ್ತದೆಂದು ಅಳೆಯುವ ಪರೀಕ್ಷೆಯ ಹಾಳೆಗಳೂ ಸಿಕ್ಕವು. ಎರಡೂ ಕಣ್ಣುಗಳ ಚಿತ್ರದಲ್ಲಿ ನಡುವೆ ಒಂದಿಷ್ಟು ಬಿಳುಪು ಉಳಿದು ಸುತ್ತಲೆಲ್ಲ ಕಪ್ಪಾಗಿತ್ತು. ಆ ಕಪ್ಪಿನ ಅರ್ಥವೇನೆಂಬುದನ್ನು ಮಾತ್ರ ಒಂದು ಚೀಟಿಯಲ್ಲಿಯೂ ಯಾರೂ ಬರೆದಿರಲಿಲ್ಲ.

ಗ್ಲಾಕೋಮಾ ಸಾಮಾನ್ಯವಾಗಿ ಅಂಚಿನಿಂದ ತಿನ್ನುತ್ತಾ ಬರುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿದಿರಬಹುದು. ಆದ್ದರಿಂದಲೇ ಮಾವ ರಾಣೆಬೆನ್ನೂರಿನ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದುತ್ತಾರೆ, ಆದರೆ ಮೆಣಸಿನಕಾಯಿ ಪೇಟೆಯಲ್ಲಿ ಕಾಲ ಪಕ್ಕದಲ್ಲಿರುವ ಚೀಲವನ್ನು ಎಡವಿ ಬೀಳುತ್ತಾರೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಇದನ್ನು ಮರೆತಿಲ್ಲ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅಂಧತ್ವವೆನ್ನುವ ಹಾಗೆಯೇ, ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಿರಿದಾದರೂ ಅಂಧತ್ವವೆಂದೇ ಅದು ಹೇಳುತ್ತದೆ. ಕಾಯ್ದೆಯಲ್ಲಿ ಮಾವನಿಗೆ ಜಾಗವಿದೆ, ಚೀಟಿಯಲ್ಲಿ ಇಲ್ಲ.

ಈ ವಿಷಯದಲ್ಲಿ ನನಗೆ ಸಿಟ್ಟು ಹೆಚ್ಚು ಬರುವುದಕ್ಕೆ ನನ್ನ ಉದ್ಯೋಗವೂ ಕಾರಣ. ನಾನು ಚೆನ್ನೈನಲ್ಲಿ ಮೆಡಿಕಲ್ ಕೋಡಿಂಗ್ ಮಾಡುವವನು. ಅಮೆರಿಕದ ಆಸ್ಪತ್ರೆಗಳ ಕಣ್ಣಿನ ವಿಭಾಗದ ದಾಖಲೆಗಳನ್ನು ಓದಿ, ಪ್ರತಿ ರೋಗನಿರ್ಣಯಕ್ಕೂ ಐಸಿಡಿ-10-ಸಿಎಂ ಎಂಬ ಅಮೆರಿಕದ ರೋಗಪಟ್ಟಿಯ ಸಂಕೇತವನ್ನು ಹೊಂದಿಸುವುದು ನನ್ನ ಕೆಲಸ. ಆ ದೇಶದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಆ ಪಟ್ಟಿಯಲ್ಲಿ ದೃಷ್ಟಿನಷ್ಟಕ್ಕೆಂದೇ ಎಚ್54 ಎಂಬ ವರ್ಗವಿದೆ. ಅದಕ್ಕೂ ಮೊದಲು ದೃಷ್ಟಿ ಹೋದದ್ದಕ್ಕೆ ಕಾರಣವಾದ ರೋಗದ ಸಂಕೇತವನ್ನು ಬರೆಯಬೇಕೆಂಬುದು ನಿಯಮ. ಮಾವನಂಥ ರೋಗಿಗೆ ಎಚ್40.1133 ಎಂದು ಬರೆದರೆ, ಪ್ರೈಮರಿ ಓಪನ್ ಆ್ಯಂಗಲ್ ಗ್ಲಾಕೋಮಾ, ಎರಡೂ ಕಣ್ಣು, ತೀವ್ರ ಹಂತ ಎಂಬಷ್ಟೂ ಅದರಲ್ಲಿ ಅಡಗಿರುತ್ತದೆ. ಅದರ ನಂತರ ಎಚ್54.0ಎಕ್ಸ್33 ಬಂದರೆ ಬಲಗಣ್ಣು ಮೂರನೆಯ ದರ್ಜೆ, ಎಡಗಣ್ಣೂ ಮೂರನೆಯ ದರ್ಜೆ, ಅಂದರೆ ಎರಡೂ ಅಂಧತ್ವದ ಸಾಲಿನವು ಎಂದಾಯಿತು. ನಡುವಿನ ದೃಷ್ಟಿ ಕೆಡದಿದ್ದರೂ ಕ್ಷೇತ್ರ ಕುಗ್ಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿದು ದರ್ಜೆ ಕೊಡುವ ಪದ್ಧತಿ ಇದಕ್ಕೆ ಮೂಲವಾದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿಯೇ ಇದೆ.

ಡಾಕ್ಟರು ದರ್ಜೆಯನ್ನು ಬರೆಯದೆ ಎರಡೂ ಕಣ್ಣಿಗೆ ಅಂಧತ್ವ ಎಂದಷ್ಟೇ ಬರೆದರೆ ಆ ರೋಗಿ ಎಚ್54.3ಕ್ಕೆ ಇಳಿಯುತ್ತಾನೆ. ಒಂದು ಕಣ್ಣೋ ಎರಡೋ ಎಂಬುದನ್ನೂ ಹೇಳದೆ ದೃಷ್ಟಿನಷ್ಟ ಎಂದು ಗೀಚಿದರೆ ಎಚ್54.7, ಅಂದರೆ ಏನೂ ಹೇಳದ ಸಂಕೇತ. ಪರೀಕ್ಷೆಯ ಹಾಳೆ ಕಣ್ಣೆದುರಿಗೇ ಇದ್ದರೂ ಅದನ್ನು ನೋಡಿ ನಾನೇ ರೋಗನಿರ್ಣಯ ಮಾಡುವಂತಿಲ್ಲ. ಡಾಕ್ಟರಿಗೆ ಪ್ರಶ್ನೆ ಕಳಿಸಬೇಕು, ಆ ಪ್ರಶ್ನೆಯಲ್ಲಿಯೂ ಉತ್ತರವನ್ನು ಅವರ ಬಾಯಿಗೆ ತುರುಕಬಾರದು. ಪ್ರಶ್ನೆ ಹೋಗುತ್ತದೆ, ಉತ್ತರ ಬರುತ್ತದೆ, ದಾಖಲೆ ತಿದ್ದಿಕೊಳ್ಳುತ್ತದೆ. ಎಲ್ಲಿಯೋ ಓಹಾಯೋದ ಕಡೆಯ ಅಪರಿಚಿತ ಮುದುಕನ ಎಡಗಣ್ಣಿನ ಬಗ್ಗೆ ನನಗೆ ಇಷ್ಟು ಖಚಿತವಾಗಿ ತಿಳಿದಿರುವಾಗ, ಎತ್ತಿ ಆಡಿಸಿದ ಮಾವನ ಕಣ್ಣಿನ ಬಗ್ಗೆ ಒಂದು 6/12 ಮಾತ್ರ ಉಳಿದಿರುವುದನ್ನು ನಾನು ಹೇಗೆ ಸಹಿಸಲಿ?

ಮಾವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಡಾಕ್ಟರು ಚೀಟಿಯನ್ನು ತೆರೆಯುವ ಮೊದಲೇ ಎಲ್ಲವನ್ನೂ ಹೇಳಿದರು: ಯಾವ ವರ್ಷ ಎಡಗಣ್ಣು ಕುಗ್ಗಿತು, ಯಾವ ಹನಿಗೆ ಕಣ್ಣು ಕೆಂಪಾಗಿತ್ತು, ಬಲಗಣ್ಣಿನಲ್ಲಿ ಇನ್ನೆಷ್ಟು ಉಳಿದಿದೆ. "ಎಲ್ಲಾ ಗೊತ್ತೈತಿ ನನಗ, ಚಿಂತಿ ಮಾಡಬ್ಯಾಡ್ರಿ" ಎಂದರು. ಅವರಿಗೆ ಗೊತ್ತಿರುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹಾವೇರಿಯ ತಪಾಸಣೆಯ ಮೇಜಿಗೆ ಅವರ ತಲೆಯನ್ನು ಒಯ್ಯಲು ಬರುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಹುಟ್ಟಿದ ಸೀಮೆ ನಮ್ಮದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಬಂದರೆ ಕೈಮುಗಿಯುತ್ತೇವೆ. ಕಣ್ಣಿಲ್ಲದವರನ್ನು ಗೌರವಿಸಲು ನಮಗೆ ಯಾರೂ ಕಲಿಸಬೇಕಿಲ್ಲ. ಕಣ್ಣು ಎಷ್ಟು ಹೋಗಿದೆ ಎಂದು ಅಳೆದದ್ದನ್ನು ಕಾಗದಕ್ಕೆ ಇಳಿಸುವಾಗ ಮಾತ್ರ ಎಲ್ಲಿಲ್ಲದ ಅವಸರ. ಒಂದೊಂದು ಕಣ್ಣಿಗೆ ಕನ್ನಡಕದೊಂದಿಗಿನ ದೃಷ್ಟಿ, ಕ್ಷೇತ್ರ ಎಷ್ಟು ಡಿಗ್ರಿ, ಕಾರಣವೇನು, ಮರಳಿ ಬರುವುದೋ ಇಲ್ಲವೋ, ಇಷ್ಟನ್ನು ಬರೆಯಿರೆಂದು ಕೇಳಿದೆ. ಬರೆದುಕೊಟ್ಟರು, ತಡವಾಗಲಿಲ್ಲ. ಅಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂದರೆ, ಯಾರೂ ಕೇಳಿರಲಿಲ್ಲವಂತೆ.

ಅಮೆರಿಕದವರ ದಾಖಲೆ ಪವಿತ್ರವೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಷ್ಟು ಬರೆಯುವುದಕ್ಕೆ ಮುಖ್ಯ ಕಾರಣ ವಿಮಾ ಕಂಪನಿಯಿಂದ ಹಣ ಬರಬೇಕೆಂಬುದು. ರೋಗಿಯ ಮೇಲಿನ ಪ್ರೀತಿ ಆಮೇಲಿನ ಮಾತು. ಹಿಂದಿನ ಭೇಟಿಯ ಬರಹವನ್ನು ಹಾಗೆಯೇ ನಕಲು ಮಾಡಿ ಅಂಟಿಸುವ ಚಾಳಿ ಎಷ್ಟಿದೆಯೆಂದರೆ, ಒಂದು ಕಣ್ಣನ್ನು ತೆಗೆದು ಕೃತಕ ಕಣ್ಣನ್ನು ಇಟ್ಟ ರೋಗಿಯ ಹಾಳೆಯಲ್ಲಿ ಎರಡೂ ಪಾಪೆಗಳು ಸಮನಾಗಿದ್ದು ಬೆಳಕಿಗೆ ಸ್ಪಂದಿಸುತ್ತಿವೆ ಎಂಬ ಸಾಲನ್ನು ನಾನೇ ಓದಿದ್ದೇನೆ. ಹುಬ್ಬಳ್ಳಿಯ ಡಾಕ್ಟರಿಗೆ ಬರೆದುಕೊಳ್ಳುವ ಸಹಾಯಕರೂ ಇರಲಿಲ್ಲ, ಬಾಗಿಲಾಚೆ ಕಾರಿಡಾರಿನ ತುಂಬ ಜನ ಕಾದಿದ್ದರು. ಆದರೂ ಅವರು ಹಗಲಿನಲ್ಲಿ ಹನಿ ಯಾರು ಹಾಕುತ್ತಾರೆಂದು ಮಾವನನ್ನು ಕೇಳಿದರು. ಸೊಸೆ ಹೊಲಕ್ಕೆ ಹೋಗುತ್ತಾಳೆ, ಮಧ್ಯಾಹ್ನದ ಹನಿ ತಪ್ಪುತ್ತದೆ ಎಂಬುದನ್ನು ಎರಡೇ ಮಾತಿನಲ್ಲಿ ಹೊರತೆಗೆದು, ರಾತ್ರಿ ಒಮ್ಮೆ ಹಾಕುವ ಔಷಧಕ್ಕೆ ಬದಲಾಯಿಸಿದರು. ಅಷ್ಟು ಸಲೀಸಾದ ವಿಚಾರಣೆಯನ್ನು ನಾನು ಆ ದೇಶದ ದಾಖಲೆಗಳಲ್ಲಿ ಓದಿದ್ದು ಕಡಿಮೆ. ಔಷಧ ಯಾಕೆ ಬದಲಾಯಿತೆಂಬುದನ್ನು ಈ ಡಾಕ್ಟರೂ ಚೀಟಿಯಲ್ಲಿ ಬರೆಯಲಿಲ್ಲ.